ಮನೆಯ ಮುಂದಿನ ಫುಟ್‌ಪಾತ್ ಮೇಲೆ ಹೋಟೆಲ್ ಮೇಜು: ಅನುಮತಿ ಎಲ್ಲಿಯವರೆಗೆ, ಹಕ್ಕು ಯಾರಿಗೆ?

ಸಂಜೆ ಏಳು ಗಂಟೆಯ ಮೇಲೆ ಯಾವುದೇ ಊರಿನ ಒಂದು ಬೀದಿಯನ್ನು ನೆನೆಸಿಕೊಳ್ಳಿ. 30 ಅಡಿ ರಸ್ತೆ. ಕೆಳಗೆ ಮಳಿಗೆ, ಮೇಲೆ ವಾಸದ ಮನೆ. ಮೊದಲಿದ್ದ ಬಟ್ಟೆ ಅಂಗಡಿ ಖಾಲಿಯಾಗಿ ಚಾಟ್ಸ್ ಅಂಗಡಿ ಬಂದಿದೆ. ಆರಂಭದಲ್ಲಿ ಒಳಗೆ ನಾಲ್ಕು ಮೇಜು ಇದ್ದವು. ವ್ಯಾಪಾರ ಕುದುರಿದ ಮೇಲೆ ಹೊರಗಿನ ಫುಟ್‌ಪಾತ್ ಮೇಲೆ ಎಂಟು ಮೇಜು ಬಂದವು. ಆಮೇಲೆ ತಗಡಿನ ಚಪ್ಪರ, ದೀಪದ ಸರ, ಒಂದು ಸ್ಪೀಕರ್. ಗಿರಾಕಿಗಳ ಬೈಕುಗಳು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲುತ್ತವೆ. ಮೇಲಿನ ಮನೆಯಲ್ಲಿ ಪಿಯುಸಿ ಓದುವ ಮಗಳಿದ್ದಾಳೆ, ಬೇಗ ಮಲಗುವ ಅಜ್ಜಿ ಇದ್ದಾರೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಆ ಮನೆ ವಿಶ್ರಾಂತಿಗೆ ಇಳಿಯುವ ಹೊತ್ತಿಗೆ ಕೆಳಗೆ ಗಿರಾಕಿಗಳು ಸೇರಲು ಶುರುವಾಗುತ್ತಾರೆ.

ಇಂತಹ ಸಂದರ್ಭದಲ್ಲಿ ಮನೆಯವರು ಹೇಳುವ ಮಾತು ಹೆಚ್ಚಾಗಿ ಒಂದೇ: "ಅವರಿಗೆ ಲೈಸೆನ್ಸ್ ಇದೆಯಂತೆ, ಏನು ಮಾಡಲು ಆಗುತ್ತದೆ?" ಅಂಗಡಿಯವರು ಹೇಳುವ ಮಾತೂ ಒಂದೇ: "ಎಲ್ಲರೂ ಹಾಕಿದ್ದಾರೆ, ನಾವೂ ಹಾಕಿದ್ದೇವೆ." ಈ ಎರಡು ಮಾತೂ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಜೈನ ಸಮಾಜದ ಬಂಧುಗಳು ಈ ವಿಷಯದಲ್ಲಿ ಎರಡೂ ಕಡೆ ಇದ್ದಾರೆ. ಹೋಟೆಲ್, ಬೇಕರಿ, ಸಿಹಿತಿಂಡಿ ಅಂಗಡಿ ನಡೆಸುವವರಿದ್ದಾರೆ. ಕೆಳಗಿನ ಮಳಿಗೆಯನ್ನು ಬಾಡಿಗೆಗೆ ಕೊಟ್ಟು ಮೇಲೆ ವಾಸವಾಗಿರುವವರಿದ್ದಾರೆ. ಎದುರು ಮನೆಯಲ್ಲಿದ್ದು ಗಲಾಟೆ ಸಹಿಸಿಕೊಂಡಿರುವವರೂ ಇದ್ದಾರೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಎಲ್ಲರೂ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು ಜಾಗ ಯಾರದು ಎಂದು

ಮೇಜು ಎಲ್ಲಿ ನಿಂತಿದೆ ಎಂಬುದರ ಮೇಲೆ ಉಳಿದ ಎಲ್ಲ ಪ್ರಶ್ನೆಗಳು ನಿಂತಿವೆ. ಮಳಿಗೆಯ ಸುತ್ತ ಮೂರು ಬಗೆಯ ಜಾಗ ಇರುತ್ತದೆ.

ಒಂದು, ಮಳಿಗೆಯ ಒಳಗಿನ ಜಾಗ. ಇಲ್ಲಿ ಲೈಸೆನ್ಸ್ ಇದ್ದು ವಲಯ ನಿಯಮ ಒಪ್ಪಿದರೆ ಮೇಜು ಹಾಕಲು ತೊಂದರೆ ಇಲ್ಲ.

ಎರಡು, ಮಳಿಗೆಯ ಗೋಡೆಗೂ ನಿವೇಶನದ ಗಡಿಗೂ ನಡುವೆ ಬಿಟ್ಟ ಜಾಗ, ಅಂದರೆ ಸೆಟ್‌ಬ್ಯಾಕ್. ಇದು ಮಾಲೀಕರ ಸ್ವಂತ ಜಾಗವೇ. ಆದರೆ ಗಾಳಿ, ಬೆಳಕು ಮತ್ತು ಬೆಂಕಿ ಬಿದ್ದಾಗ ಓಡಾಟಕ್ಕೆಂದು ಖಾಲಿ ಬಿಡುವ ಷರತ್ತಿನ ಮೇಲೆ ಕಟ್ಟಡದ ನಕ್ಷೆಗೆ ಮಂಜೂರಾತಿ ಸಿಕ್ಕಿರುತ್ತದೆ. ಅಲ್ಲಿ ಚಪ್ಪರ ಕಟ್ಟಿ ಅಡುಗೆಮನೆ ಮಾಡಿದರೆ ಮಂಜೂರಾದ ನಕ್ಷೆಯ ಉಲ್ಲಂಘನೆಯಾಗುತ್ತದೆ. ವಾಹನ ನಿಲುಗಡೆಗೆ ತೋರಿಸಿದ ಜಾಗದಲ್ಲಿ ಮೇಜು ಹಾಕಿದರೂ ಇದೇ ಮಾತು.

ಮೂರು, ಗಡಿಯ ಆಚೆಗಿನ ಫುಟ್‌ಪಾತ್, ಚರಂಡಿಯ ಮೇಲಿನ ಕಲ್ಲುಹಾಸು, ರಸ್ತೆ. ಇದು ಸಾರ್ವಜನಿಕರದ್ದು. ಸ್ಥಳೀಯ ಸಂಸ್ಥೆ ಅದನ್ನು ಸಾರ್ವಜನಿಕರ ಪರವಾಗಿ ನೋಡಿಕೊಳ್ಳುತ್ತದೆ. "ನಮ್ಮ ಅಂಗಡಿಯ ಮುಂದಿನ ಜಾಗ" ಎಂದು ವ್ಯಾಪಾರಿಗಳು ಹೇಳುವುದು ರೂಢಿ. ಆದರೆ ಮುಂದೆ ಇದ್ದ ಮಾತ್ರಕ್ಕೆ ಅದು ಅಂಗಡಿಯದಾಗುವುದಿಲ್ಲ.

ದೂರು ಕೊಡುವ ಮೊದಲು ಮನೆಯವರು ಈ ಮೂರರಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಬೇಕು. ಸೆಟ್‌ಬ್ಯಾಕ್‌ನ ವಿಷಯ ನಗರ ಯೋಜನಾ ವಿಭಾಗಕ್ಕೆ ಹೋಗುತ್ತದೆ. ಫುಟ್‌ಪಾತ್ ವಿಷಯ ಎಂಜಿನಿಯರಿಂಗ್ ಮತ್ತು ಆರೋಗ್ಯ ವಿಭಾಗಗಳಿಗೆ ಹೋಗುತ್ತದೆ. ತಪ್ಪು ಟೇಬಲ್ಲಿಗೆ ಹೋದ ಅರ್ಜಿ ಅಲ್ಲಿಯೇ ಕೂತುಬಿಡುತ್ತದೆ.

ಟ್ರೇಡ್ ಲೈಸೆನ್ಸ್ ಎಲ್ಲಿಯವರೆಗೆ?

ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್, ಒಂದು ನಿರ್ದಿಷ್ಟ ವಿಳಾಸದ ಕಟ್ಟಡದಲ್ಲಿ ಒಂದು ನಿರ್ದಿಷ್ಟ ಉದ್ದಿಮೆ ನಡೆಸಲು ಕೊಡುವ ಅನುಮತಿ. ಮಹಾನಗರ ಪಾಲಿಕೆಗಳಲ್ಲಿ ಇದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಅಡಿ ಬರುತ್ತದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಇದೆ. ಬೆಂಗಳೂರಿನಲ್ಲಿ 2025ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಲ್ಲಿದ್ದು, ಹಳೆಯ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಹಾಗಾಗಿ ಬೆಂಗಳೂರಿನವರು ತಮ್ಮ ಮನೆ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಆಹಾರ ಸುರಕ್ಷತೆಯ ನೋಂದಣಿ ಅಥವಾ ಲೈಸೆನ್ಸ್ ಕೂಡ ವಿಳಾಸಕ್ಕೆ ಕಟ್ಟಿದ್ದು. ಅದು ಆಹಾರದ ಶುಚಿತ್ವಕ್ಕೆ ಸಂಬಂಧಿಸಿದ್ದು, ಜಾಗದ ಹಕ್ಕಿಗೆ ಅಲ್ಲ. ಗೋಡೆಗೆ ಹಾಕಿದ ಈ ಎರಡು ಚೌಕಟ್ಟುಗಳನ್ನು ತೋರಿಸಿ "ನಮಗೆ ಪರ್ಮಿಷನ್ ಇದೆ" ಎಂದರೆ, ಅದು ಒಳಗಿನ ವ್ಯಾಪಾರಕ್ಕೆ ಉತ್ತರ. ಹೊರಗಿನ ಮೇಜಿಗೆ ಅಲ್ಲ.

ಫುಟ್‌ಪಾತ್ ವಿಷಯದಲ್ಲಿ ಪಾಲಿಕೆ ಕಾಯ್ದೆ ಕಟ್ಟುನಿಟ್ಟಾಗಿದೆ. ಬೀದಿಗೆ ಅಡ್ಡವಾಗಿ ಇಟ್ಟ ಕುರ್ಚಿ, ಬೆಂಚು, ಪೆಟ್ಟಿಗೆಯಂತಹ ವಸ್ತುಗಳನ್ನು ನೋಟಿಸ್ ಕೊಡದೆಯೇ ತೆಗೆಸುವ ಅಧಿಕಾರವನ್ನು 288ಡಿ ಕಲಂ ಆಯುಕ್ತರಿಗೆ ಕೊಟ್ಟಿದೆ. ಇದನ್ನು ತಿಳಿಯದೆ ಸಾವಿರಾರು ರೂಪಾಯಿ ಹಾಕಿ ಫುಟ್‌ಪಾತ್ ಮೇಲೆ ಟೈಲ್ಸ್, ಚಪ್ಪರ ಮಾಡಿಸಿದ ವ್ಯಾಪಾರಿಗೆ ಒಂದೇ ಬೆಳಿಗ್ಗೆಯಲ್ಲಿ ಎಲ್ಲವೂ ನಷ್ಟವಾಗಬಹುದು.

ವಾಸದ ವಲಯ ಎಂದರೇನು?

1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪ್ರತಿ ನಗರಕ್ಕೂ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ಯಾವ ಪ್ರದೇಶ ವಾಸಕ್ಕೆ, ಯಾವುದು ವಾಣಿಜ್ಯಕ್ಕೆ ಎಂದು ಅದರಲ್ಲಿ ಬಣ್ಣದ ಗುರುತಿನಿಂದ ತೋರಿಸಿರುತ್ತಾರೆ. ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ವಾಸದ ವಲಯದಲ್ಲಿ ಯಾವ ಬಗೆಯ ಅಂಗಡಿ, ಎಷ್ಟು ವಿಸ್ತೀರ್ಣ, ಎಷ್ಟು ಅಗಲದ ರಸ್ತೆಯಲ್ಲಿ ಆಗಬಹುದು ಎಂಬುದು ಅಲ್ಲಿ ಬರೆದಿರುತ್ತದೆ.

ಹಾಗಾಗಿ ವಾಸದ ವಲಯ ಎಂದ ಕೂಡಲೇ ಅಲ್ಲಿ ಹೋಟೆಲೇ ಇರಬಾರದು ಎಂದು ಅರ್ಥವಲ್ಲ. ಅಗಲವಾದ ರಸ್ತೆಯಲ್ಲಿ ಚಿಕ್ಕ ತಿಂಡಿ ಅಂಗಡಿಗೆ ಅವಕಾಶ ಇರಬಹುದು, ಒಳಗಿನ ಕಿರಿದಾದ ಅಡ್ಡರಸ್ತೆಯಲ್ಲಿ ಇಲ್ಲದಿರಬಹುದು. ಭೂ ಉಪಯೋಗ ಬದಲಾವಣೆಗೆ ಆ ಕಾಯ್ದೆಯಲ್ಲಿಯೇ ಬೇರೆ ಅರ್ಜಿಯ ದಾರಿ ಇದೆ. ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಸರ್ವೆ ನಂಬರ್ ಅಥವಾ ನಿವೇಶನದ ಸಂಖ್ಯೆ ಕೊಟ್ಟು ವಲಯ ಯಾವುದೆಂದು ಕೇಳಿ ತಿಳಿಯಬಹುದು. ಮನೆಯವರಿಗೂ ಇದು ಬೇಕು, ಹೊಸದಾಗಿ ಮಳಿಗೆ ಹಿಡಿಯುವ ವ್ಯಾಪಾರಿಗೂ ಬೇಕು. ಅಡ್ವಾನ್ಸ್ ಕೊಟ್ಟ ಮೇಲೆ ಕೇಳುವುದಕ್ಕಿಂತ ಕೊಡುವ ಮೊದಲು ಕೇಳುವುದು ಲಾಭ.

ಫುಟ್‌ಪಾತ್ ಬಗ್ಗೆ ಸುಪ್ರೀಂ ಕೋರ್ಟ್

1985ರಲ್ಲಿ ಮುಂಬಯಿಯ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಫುಟ್‌ಪಾತ್ ಇರುವುದು ನಡೆಯುವವರಿಗೆ, ಅದನ್ನು ಸ್ವಂತಕ್ಕೆ ಬಳಸುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಜೀವನೋಪಾಯವೂ ಬದುಕುವ ಹಕ್ಕಿನ ಭಾಗ, ಅದಕ್ಕೆ ಕೈ ಹಾಕುವಾಗ ನ್ಯಾಯವಾದ ಕ್ರಮ ಅನುಸರಿಸಬೇಕು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ಸುರಕ್ಷಿತ ಫುಟ್‌ಪಾತ್ ಮೇಲೆ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ವ್ಯಾಪ್ತಿಗೆ ಬರುತ್ತದೆ ಎಂದು ಹೇಳಿತು. ಅಂಗವಿಕಲರೂ ಬಳಸುವಂತೆ ಫುಟ್‌ಪಾತ್ ಇರಬೇಕು, ಒತ್ತುವರಿ ತೆರವಾಗಬೇಕು ಎಂದೂ ಸೂಚಿಸಿತು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು 6 ಅಡಿ ಅಡೆತಡೆಯಿಲ್ಲದ ಅಗಲ ಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಿ ಹೋಗುವಷ್ಟು ಜಾಗ ಇದು. ಎಷ್ಟೋ ಬೀದಿಗಳಲ್ಲಿ ಇಡೀ ಫುಟ್‌ಪಾತ್ ಅಗಲವೇ ಅಷ್ಟಿರುವುದಿಲ್ಲ. ಅಲ್ಲಿ ಒಂದು ಮೇಜು ಬಿದ್ದರೂ ನಡೆಯುವವರು ರಸ್ತೆಗೆ ಇಳಿಯಬೇಕು.

ಮುಂಜಾನೆ ಬಸದಿಗೆ ಹೋಗುವ ಹಿರಿಯರು, ಶಾಲೆಯ ಮಕ್ಕಳು, ಬರಿಗಾಲಲ್ಲಿ ವಿಹಾರ ಮಾಡುವ ಮುನಿಗಳು, ಆರ್ಯಿಕೆಯರು, ಎಲ್ಲರಿಗೂ ರಸ್ತೆಯ ಅಂಚೇ ದಾರಿ. ರಾತ್ರಿ ಮೇಜು ತೆಗೆದರೂ ಎಣ್ಣೆ ಜಿಡ್ಡು, ಚೆಲ್ಲಿದ ನೀರು, ಒಡೆದ ಕಲ್ಲುಹಾಸು ಬೆಳಿಗ್ಗೆ ಅಲ್ಲಿಯೇ ಇರುತ್ತವೆ.

ತಳ್ಳುಗಾಡಿಯವರ ಕಾನೂನು ಬೇರೆ

ಇಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆಯ ರಕ್ಷಣೆ ಇದೆ. ಸಮೀಕ್ಷೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಅವರಿಗೆ ಪ್ರಮಾಣಪತ್ರ ಕೊಡಬೇಕು. ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಎಂದು ಗುರುತಿಸಬೇಕು. ಪ್ರಮಾಣಪತ್ರ ಇರುವ ಇಡ್ಲಿ ಗಾಡಿಯವರನ್ನು ಮನಸ್ಸಿಗೆ ಬಂದಂತೆ ಎತ್ತಿಸಲು ಬರುವುದಿಲ್ಲ.

ಆದರೆ ಈ ರಕ್ಷಣೆ ಇರುವುದು ಸ್ವಂತ ಮಳಿಗೆ ಇಲ್ಲದೆ ಬೀದಿಯಲ್ಲಿಯೇ ಹೊಟ್ಟೆ ಹೊರೆಯುವವರಿಗೆ. ಮಳಿಗೆ ಇರುವ ಹೋಟೆಲಿನವರು ತಮ್ಮ ಮೇಜುಗಳನ್ನು ಹೊರಗೆ ಹಾಕಿ ಈ ಕಾಯ್ದೆಯ ಹೆಸರು ಹೇಳುವಂತಿಲ್ಲ. ದೂರು ಕೊಡುವವರೂ ಈ ವ್ಯತ್ಯಾಸ ನೋಡಬೇಕು. ಎಂಟು ಮೇಜಿನ ಹೋಟೆಲನ್ನು ಬಿಟ್ಟು ಮೂಲೆಯಲ್ಲಿ ಜೋಳ ಸುಡುವ ಅಜ್ಜಿಯ ಮೇಲೆ ದೂರು ಬರೆಯುವುದು ನ್ಯಾಯವಲ್ಲ.

ಶಬ್ದ, ಹೊಗೆ, ಸಿಲಿಂಡರ್

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಇದು 65 ಮತ್ತು 55. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ಅಥವಾ ರಾತ್ರಿಯ ನಿರ್ಬಂಧ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ತಕ್ಷಣದ ತೊಂದರೆಗೆ 112ಕ್ಕೆ ಕರೆ ಮಾಡಬಹುದು.

ಇಬ್ಬರು ಹತ್ತಿರ ಕೂತು ಸಹಜವಾಗಿ ಮಾತನಾಡಿದರೂ ಸುಮಾರು 60 ಡೆಸಿಬಲ್ ಆಗುತ್ತದೆ. ಹೊರಗೆ ಮೂವತ್ತು ಜನ ಕೂತು ನಗುತ್ತಾ ತಿಂದರೆ ಮೊದಲ ಮಹಡಿಯ ಕಿಟಕಿಗೆ ಅದು ಖಂಡಿತ ಮುಟ್ಟುತ್ತದೆ. ಸ್ಪೀಕರನ್ನು ಪೊಲೀಸರು ನಿಲ್ಲಿಸಬಹುದು, ಜನರ ಮಾತನ್ನು ನಿಲ್ಲಿಸುವುದು ಕಷ್ಟ. ಆದ್ದರಿಂದ ಹೊರಗಿನ ಮೇಜುಗಳ ವಿಷಯದಲ್ಲಿ ಶಬ್ದಕ್ಕಿಂತ ಜಾಗ ಮತ್ತು ಸಮಯದ ಮೇಲೆ ದೂರು ಕೊಡುವುದು ಹೆಚ್ಚು ಗಟ್ಟಿ.

ಹೊಗೆ, ಕೊಳಕು ನೀರು, ಕಸ ಇವು ಆರೋಗ್ಯಾಧಿಕಾರಿಗಳ ವ್ಯಾಪ್ತಿ. ಸಿಲಿಂಡರ್ ವಿಷಯವನ್ನು ಮಾತ್ರ ನಾಳೆಗೆ ಬಿಡಬಾರದು. ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಜನ ಓಡಾಡುವ ಜಾಗದಲ್ಲಿ ಮೆಟ್ಟಿಲ ಕೆಳಗೆ ಸಿಲಿಂಡರ್ ಇಟ್ಟಿದ್ದರೆ ಮೇಲಿನ ಮನೆಯವರಿಗೆ ಇಳಿಯುವ ದಾರಿಯೇ ಅಪಾಯ.

ಇಂಗ್ಲೆಂಡಿನಲ್ಲಿ ಹೇಗಿದೆ?

ಹೊರಗೆ ಕೂರಿಸುವುದೇ ತಪ್ಪು ಎಂದಲ್ಲ. ಅದಕ್ಕೆ ಸ್ಪಷ್ಟ ಕ್ರಮ ಇದ್ದರೆ ಎರಡೂ ಕಡೆಯವರಿಗೆ ಅನುಕೂಲ ಎಂಬುದಕ್ಕೆ ಇಂಗ್ಲೆಂಡ್ ಒಂದು ಉದಾಹರಣೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಲ್ಲಿ ಫುಟ್‌ಪಾತ್ ಮೇಲೆ ಮೇಜು ಹಾಕಲು 'ಪೇವ್‌ಮೆಂಟ್ ಲೈಸೆನ್ಸ್' ಎಂಬ ಬೇರೆಯೇ ಪರವಾನಗಿ ತಂದರು. 2024ರ ಮಾರ್ಚ್ 31ರಿಂದ ಅದು ಕಾಯಂ ಆಯಿತು.

ಅರ್ಜಿ ಹಾಕಿದ ದಿನವೇ ಅಂಗಡಿಯವರು ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸ್ ಹಚ್ಚಬೇಕು. 14 ದಿನ ಅಕ್ಕಪಕ್ಕದವರು ತಮ್ಮ ಅಭಿಪ್ರಾಯ ಬರೆದು ಕೊಡಬಹುದು. ಮುಂದಿನ 14 ದಿನದಲ್ಲಿ ಸ್ಥಳೀಯ ಕೌನ್ಸಿಲ್ ತೀರ್ಮಾನಿಸಬೇಕು, ಇಲ್ಲದಿದ್ದರೆ ಪರವಾನಗಿ ಸಿಕ್ಕಂತೆಯೇ ಲೆಕ್ಕ. ಹೊಸ ಅರ್ಜಿಗೆ ಹೆಚ್ಚೆಂದರೆ 500 ಪೌಂಡ್, ನವೀಕರಣಕ್ಕೆ 350 ಪೌಂಡ್ ಶುಲ್ಕ. ಗರಿಷ್ಠ ಅವಧಿ 2 ವರ್ಷ. ಈ ಪರವಾನಗಿ ಇದ್ದರೆ ಆ ಜಾಗದ ಬಳಕೆಗೆ ಪ್ರತ್ಯೇಕ ಯೋಜನಾ ಅನುಮತಿ ಬೇಕಿಲ್ಲ. ನಡೆಯುವವರಿಗೆ ಅಡ್ಡಿಯಾಗಬಾರದು, ಧೂಮಪಾನ ಇಲ್ಲದ ಆಸನಗಳಿಗೆ ವ್ಯವಸ್ಥೆ ಇರಬೇಕು. ಷರತ್ತು ಮುರಿದರೆ ಪರವಾನಗಿ ಹಿಂಪಡೆಯಬಹುದು.

ಇದರಲ್ಲಿ ಕಲಿಯಬೇಕಾದದ್ದು ನೋಟಿಸ್ ಹಚ್ಚುವ ಪದ್ಧತಿ. ಮೇಜು ಬರುವ ಮೊದಲೇ ಮೇಲಿನ ಮನೆಯವರಿಗೆ ಗೊತ್ತಾಗುತ್ತದೆ, ಅವರ ಮಾತು ಕಡತಕ್ಕೆ ಸೇರುತ್ತದೆ. ಇಲ್ಲಿ ಮೇಜು ಬಂದ ಮೇಲೆ ಜಗಳದಿಂದ ವಿಷಯ ಶುರುವಾಗುತ್ತದೆ.

ತೊಂದರೆಯಾದ ಮನೆಯವರು ಮಾಡಬೇಕಾದ ಕ್ರಮ

ಮೊದಲು ಮಾತನಾಡಬೇಕು. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಗಳ ಮುಂದೆ ಅಲ್ಲ, ಮಧ್ಯಾಹ್ನ ಬಿಡುವಿನಲ್ಲಿ, ಮಾಲೀಕರ ಜೊತೆ. ಗೇಟಿನ ಮುಂದೆ ಬೈಕು ಬೇಡ, ಸ್ಪೀಕರ್ ಬೇಡ, ನಡೆಯಲು ಜಾಗ ಬಿಡಿ ಎಂದು ನಿರ್ದಿಷ್ಟವಾಗಿ ಕೇಳಬೇಕು. ಕಟ್ಟಡದ ಮಾಲೀಕರಿಗೂ ತಿಳಿಸಬೇಕು.

ಅದು ಫಲಿಸದಿದ್ದರೆ ಒಂದು ವಾರ ದಿನಾಂಕ, ಸಮಯ ಬರೆದಿಟ್ಟುಕೊಂಡು ಫೋಟೋ ತೆಗೆಯಬೇಕು. ಫುಟ್‌ಪಾತ್ ಅಗಲ ಎಷ್ಟು, ಮೇಜು ಹಾಕಿದ ಮೇಲೆ ಉಳಿಯುವುದು ಎಷ್ಟು ಎಂದು ಟೇಪ್ ಹಿಡಿದು ಅಳೆಯಬೇಕು. ಗಿರಾಕಿಗಳ ಮುಖದ ಫೋಟೋ ಬೇಡ.

ಮೂರನೆಯದು ಲಿಖಿತ ಮನವಿ. ಬೀದಿಯ ನಾಲ್ಕಾರು ಮನೆಯವರು ಸಹಿ ಹಾಕಿದರೆ ತೂಕ ಹೆಚ್ಚು. ಮಾದರಿ ಹೀಗಿರಬಹುದು:

"ಮಾನ್ಯರೇ, ಈ ಬೀದಿಯ ಇಂತಹ ಸಂಖ್ಯೆಯ ಮಳಿಗೆಯ ಮುಂದಿನ ಫುಟ್‌ಪಾತ್ ಮೇಲೆ ಪ್ರತಿದಿನ ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಇಷ್ಟು ಮೇಜು ಹಾಕಲಾಗುತ್ತಿದೆ. ಫುಟ್‌ಪಾತ್‌ನ ಒಟ್ಟು ಅಗಲ ಇಷ್ಟು ಅಡಿ, ನಡೆಯಲು ಉಳಿದಿರುವುದು ಇಷ್ಟು ಅಡಿ. ಹಿರಿಯರು, ಮಕ್ಕಳು ರಸ್ತೆಗೆ ಇಳಿದು ನಡೆಯಬೇಕಾಗಿದೆ. ಈ ಬಳಕೆಗೆ ಅನುಮತಿ ನೀಡಲಾಗಿದೆಯೇ ಎಂದು ತಿಳಿಸಿ, ಇಲ್ಲದಿದ್ದರೆ ತೆರವುಗೊಳಿಸಿ ಹಿಂಬರಹ ನೀಡಬೇಕೆಂದು ಕೋರುತ್ತೇವೆ."

ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬಾರದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಲೈಸೆನ್ಸಿನ ಪ್ರತಿ, ಅದರಲ್ಲಿ ತೋರಿಸಿದ ವಿಸ್ತೀರ್ಣ, ಫುಟ್‌ಪಾತ್ ಬಳಕೆಗೆ ಕೊಟ್ಟ ಅನುಮತಿ ಇದ್ದರೆ ಅದರ ಪ್ರತಿ, ಇಷ್ಟು ಕೇಳಿದರೆ ಸಾಕು.

ಆಗಲೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಉಪವಿಭಾಗ ದಂಡಾಧಿಕಾರಿಗಳ ಮುಂದೆ ಹೋಗಬಹುದು. ಸಾರ್ವಜನಿಕ ದಾರಿಯ ಅಡ್ಡಿ ತೆಗೆಸುವ ಆದೇಶ ಮಾಡುವ ಅಧಿಕಾರ ಅವರಿಗಿದೆ. ಹಳೆಯ ಕಾನೂನಿನಲ್ಲಿ ಇದೇ 133ನೇ ಕಲಂ ಆಗಿತ್ತು. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಒಂದು ವಾರ್ಡಿನ ನಿವಾಸಿಗಳು ಚರಂಡಿ, ದುರ್ವಾಸನೆಯ ವಿರುದ್ಧ ಈ ಕಲಂ ಬಳಸಿದರು, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಹಣವಿಲ್ಲ ಎಂದು ಪುರಸಭೆ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ತೀರ್ಪು ಕೊಟ್ಟಿತು. ಬೀದಿಯ ಸಾಮಾನ್ಯ ಜನ ಬಳಸಿ ಗೆದ್ದ ದಾರಿ ಇದು.

ಹೋಟೆಲ್ ನಡೆಸುವವರಿಗೆ, ಮಳಿಗೆ ಕೊಟ್ಟವರಿಗೆ

ವ್ಯಾಪಾರಿಗಳು ಮೊದಲು ತಮ್ಮ ಸ್ವಂತ ಗಡಿ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಹಾಕಿಕೊಳ್ಳಬೇಕು. ಗೆರೆಯ ಆಚೆ ಮೇಜು, ಒಲೆ, ಬೋರ್ಡು, ಸಿಲಿಂಡರ್ ಯಾವುದೂ ಬೇಡ. ಜಾಗ ಸಾಲದಿದ್ದರೆ ಒಳಗೆ ನಿಂತು ತಿನ್ನುವ ಎತ್ತರದ ಮೇಜು ಹಾಕಬಹುದು, ಪಾರ್ಸೆಲ್ ಹೆಚ್ಚಿಸಬಹುದು. ಬೆಂಗಳೂರಿನ ದರ್ಶಿನಿಗಳು ಚಿಕ್ಕ ಜಾಗದಲ್ಲಿ ದೊಡ್ಡ ವ್ಯಾಪಾರ ಮಾಡಿದ್ದು ಹೀಗೆಯೇ. ಗಿರಾಕಿಗಳ ವಾಹನ ನೋಡಿಕೊಳ್ಳಲು ಸಂಜೆ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಮಳಿಗೆ ಬಾಡಿಗೆಗೆ ಕೊಡುವವರು ಕರಾರು ಪತ್ರದಲ್ಲಿ ನಾಲ್ಕು ಮಾತು ಸೇರಿಸಬೇಕು: ಬಾಡಿಗೆ ಗೋಡೆಯೊಳಗಿನ ಜಾಗಕ್ಕೆ ಮಾತ್ರ; ಸೆಟ್‌ಬ್ಯಾಕ್ ಮತ್ತು ಫುಟ್‌ಪಾತ್ ಬಳಸುವಂತಿಲ್ಲ; ಮುಚ್ಚುವ ಸಮಯ ಇಷ್ಟು; ಉಲ್ಲಂಘಿಸಿದರೆ ಕರಾರು ರದ್ದು. ನಕ್ಷೆಯ ಉಲ್ಲಂಘನೆಯ ನೋಟಿಸ್ ಕಟ್ಟಡದ ಮಾಲೀಕರ ಹೆಸರಿಗೇ ಬರಬಹುದು. ಬಾಡಿಗೆ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದರೆ ಆ ದಿನ ಬಾಡಿಗೆದಾರ ಜೊತೆಗೆ ನಿಲ್ಲುವುದಿಲ್ಲ.

ಬೀದಿಯಲ್ಲಿ ಹೋಟೆಲ್ ಇದ್ದರೆ ನಾಲ್ಕು ಮನೆಗಳಿಗೆ ಕೆಲಸ, ಬೀದಿಗೆ ಬೆಳಕು. ಮೇಲೆ ಮನೆ ಇದ್ದರೆ ರಾತ್ರಿ ಅಂಗಡಿಗೆ ಕಾವಲು. ಎರಡೂ ಒಟ್ಟಿಗೆ ಇರಬೇಕಾದರೆ ಅಂಗಡಿಯವರು ಹಾಕಿಕೊಂಡ ಗೆರೆಯನ್ನು ತಾವೇ ಕಾಯಬೇಕು, ಮನೆಯವರು ಅದನ್ನು ಕೇಳಲು ಹಿಂಜರಿಯಬಾರದು.